ಚೌಕ ತಿರುಗಿದರೆ ಶಂಕರಪಾಳಿ ಆಗುತ್ತದಾ?

(ಕಲಬುರಗಿಯಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಏಳೆಂಟು ವರ್ಷದ ಹಿಂದಿನ ಮಾತು. ಎಂಟನೇ ಕ್ಲಾಸು, ಮಧ್ಯಾಹ್ನದ ಊಟ ಆದ ಮೇಲಿನ ಪೀರಿಯಡ್. ರಟ್ಟಿನಿಂದ ಕತ್ತರಿಸಿದ ಒಂದು ಚೌಕವನ್ನು ಕೈಯಲ್ಲಿ ಹಿಡಿದು "ಇದೇನು?" ಅಂತ ಕೇಳಿದೆ. "ಚೌಕ" ಅಂತ ಇಡೀ ಕ್ಲಾಸು ಕೂಗಿತು. ನಾಲ್ಕೂ ಬಾಹು ಸಮ, ನಾಲ್ಕೂ ಕೋನ ತೊಂಬತ್ತು ಡಿಗ್ರಿ ಅಂತ ವ್ಯಾಖ್ಯಾನವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಅದೇ ರಟ್ಟನ್ನು ಸ್ವಲ್ಪ ತಿರುಗಿಸಿ, ಒಂದು ಮೂಲೆ ಕೆಳಗೆ ಬರುವ ಹಾಗೆ ಹಿಡಿದೆ. "ಈಗ?" ಅಂದೆ. ಕ್ಲಾಸು ಸುಮ್ಮನಾಯಿತು. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಈಗ ಚೌಕ ಅಲ್ರಿ ಸರ್. ಶಂಕರಪಾಳಿ ಆತು."

ಓರೆಯಾಗಿ ಕತ್ತರಿಸಿ ಕರಿದ ಆ ತಿಂಡಿಯ ಹೆಸರು ಕೇಳಿ ಯಾರೂ ನಗಲಿಲ್ಲ. ಎಲ್ಲರಿಗೂ ಹಾಗೇ ಕಂಡಿತ್ತು. ನಾನು ಸ್ಕೇಲು, ಕೋನಮಾಪಕ ಕೊಟ್ಟೆ. ಆಕೆ ನಾಲ್ಕೂ ಬದಿ ಅಳೆದಳು, ಮೂಲೆಗಳನ್ನೂ ಅಳೆದಳು. ಎಲ್ಲ ಸರಿಯಾಗಿತ್ತು. ಆದರೂ ಒಪ್ಪಲಿಲ್ಲ. "ಅಳತಿ ಚೌಕದ್ದೇ ಅದರಿ. ಆದ್ರ ನೋಡ್ಲಾಕ ಚೌಕ ಕಾಣಲ್ಲರಿ" ಅಂದಳು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಹುಡುಗಿ ದಡ್ಡಿಯಲ್ಲ. ಆಕೆ ನಾನು ತೋರಿಸಿದ್ದನ್ನೇ ಕಲಿತಿದ್ದಳು. ಹತ್ತಾರು ವರ್ಷ ನಾನು ಬೋರ್ಡಿನ ಮೇಲೆ ಚೌಕ ಬರೆದಾಗಲೆಲ್ಲ ಅದು ನೆಲದ ಮೇಲೆ ಕೂತ ಪೆಟ್ಟಿಗೆಯ ಹಾಗೆ ಕೂತಿರುತ್ತಿತ್ತು. ತ್ರಿಭುಜ ಬರೆದರೆ ಪಾದ ಕೆಳಗೆ, ಶೃಂಗ ಮೇಲೆ. ಸಮಾಂತರ ಚತುರ್ಭುಜ ಯಾವಾಗಲೂ ಬಲಕ್ಕೆ ವಾಲಿರುತ್ತಿತ್ತು. ನಾನು ಚಿತ್ರ ತೋರಿಸಿದ್ದೆ, ಚಿತ್ರ ಬಿಡಿಸಿಯೇ ಪಾಠ ಮಾಡಿದ್ದೆ. ಆ ಚಿತ್ರವೇ ಮಗುವನ್ನು ಕಟ್ಟಿಹಾಕಿತ್ತು.

ಹಾಗಾಗಿ ಇವತ್ತು ನಾನು "ಚಿತ್ರ ಬಳಸಿ ಕಲಿಸಿ" ಅಂತ ಹೇಳಲು ಬಂದಿಲ್ಲ. ಅದನ್ನು ನೀವೆಲ್ಲ ಮಾಡುತ್ತಲೇ ಇದ್ದೀರಿ. ಚಿತ್ರ ಅಲುಗಾಡಬೇಕು, ಅದೂ ಮಗುವಿನ ಕೈಯಲ್ಲಿ ಅಲುಗಾಡಬೇಕು ಅನ್ನುವುದು ನನ್ನ ಮಾತು. ತಿರುಗಬೇಕು, ಮಡಚಬೇಕು, ಓರೆಯಾಗಬೇಕು, ಹರಿದು ಬೇರೆ ಕಡೆ ಕೂಡಬೇಕು. ಅಷ್ಟೆಲ್ಲ ಆದರೂ ಏನು ಬದಲಾಗಲಿಲ್ಲ ಅಂತ ಮಗು ಹುಡುಕಬೇಕು. ಕೈಯಲ್ಲಿ ನಡೆದದ್ದು ನಿಧಾನಕ್ಕೆ ತಲೆಯೊಳಗೂ ನಡೆಯಲು ಶುರುವಾಗುತ್ತದೆ. ಕಣ್ಣು ಮುಚ್ಚಿಕೊಂಡು ಚೌಕವನ್ನು ತಿರುಗಿಸಬಲ್ಲ ಮಗುವಿಗೆ ರೇಖಾಗಣಿತ ಬಂದಂತೆಯೇ.

ನೆದರ್ಲೆಂಡ್ಸಿನ ಪಿಯರ್ ವಾನ್ ಹೀಲ್ ಮತ್ತು ಡೀನಾ ವಾನ್ ಹೀಲ್ ಎಂಬ ಗಂಡ ಹೆಂಡತಿ ಇದನ್ನೇ 1957ರಲ್ಲಿ ತಮ್ಮ ಸಂಶೋಧನೆಯಲ್ಲಿ ಬರೆದರು. ಇಬ್ಬರೂ ಶಾಲೆಯಲ್ಲಿ ಗಣಿತ ಕಲಿಸಿದವರು. ಅವರ ಪ್ರಕಾರ ಮಗು ಮೊದಲು ಆಕಾರವನ್ನು ಇಡಿಯಾಗಿ ನೋಡುತ್ತದೆ, "ಬಾಗಿಲಿನ ಹಾಗಿದೆ, ಅದಕ್ಕೆ ಆಯತ" ಅಂತ. ಆಮೇಲೆ ಗುಣಗಳನ್ನು ಗಮನಿಸುತ್ತದೆ. ಆಮೇಲೆ ಒಂದು ಗುಣದಿಂದ ಇನ್ನೊಂದು ಹೇಗೆ ಬರುತ್ತದೆ ಅಂತ ನೋಡುತ್ತದೆ. ಅದರ ಮೇಲೆ ಸಾಧನೆ, ಅಂದರೆ ತರ್ಕದಿಂದ ರುಜುವಾತು ಮಾಡುವುದು, ನಾವು ಒಂಬತ್ತು ಹತ್ತನೇ ಕ್ಲಾಸಿನಲ್ಲಿ ಬರೆಸುವ ದತ್ತ, ಸಾಧನೀಯ, ರಚನೆ. ನಡುವಿನ ಮೆಟ್ಟಿಲು ಹಾರಿದರೆ ಶಿಕ್ಷಕರು ಒಂದು ಭಾಷೆ ಆಡುತ್ತಾರೆ, ಮಗು ಇನ್ನೊಂದು ಭಾಷೆ ಕೇಳಿಸಿಕೊಳ್ಳುತ್ತದೆ. ನಮ್ಮ ಶಂಕರಪಾಳಿ ಹುಡುಗಿ ಮೊದಲ ಮೆಟ್ಟಿಲ ಮೇಲಿದ್ದಳು. ನಾನು ನಾಲ್ಕನೇ ಮೆಟ್ಟಿಲ ಮೇಲೆ ನಿಂತು ಪಾಠ ಮಾಡುತ್ತಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಕೆ ಆ ಆಕಾರಕ್ಕೆ ತಿಂಡಿಯ ಹೆಸರಿಟ್ಟಳಲ್ವಾ, ಅದು ತಪ್ಪಲ್ಲ. ಇಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ, ಕಾಗಿಣಾ ದಂಡೆಯಲ್ಲಿ ಮಳಖೇಡ ಇದೆ. ಸೇಡಂ ಕಡೆ ಹೋಗುವಾಗ ನೀವೆಲ್ಲ ನೋಡಿರುತ್ತೀರಿ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸಂಸ್ಕೃತದ ಗ್ರಂಥ. ಅದರ ಕ್ಷೇತ್ರಗಣಿತದ ಭಾಗ ತೆರೆದರೆ ಆಕಾರಗಳ ಹೆಸರು ಹೇಗಿವೆ ಗೊತ್ತಾ? ಯವಾಕಾರ, ಅಂದರೆ ಯವೆಯ ಕಾಳಿನ ಹಾಗಿರುವುದು. ಮುರಜಾಕಾರ, ಮದ್ದಳೆಯ ಹಾಗಿರುವುದು. ಶಂಖದ ಆಕಾರಕ್ಕೂ ಅಲ್ಲಿ ಲೆಕ್ಕ ಇದೆ. ಕಾಳು, ಮದ್ದಳೆ, ಶಂಖ ನೋಡಿದ ಕಣ್ಣಿಗೆ ಆ ಹೆಸರಿನಲ್ಲೇ ಚಿತ್ರ ಮೂಡುತ್ತದೆ. ಎರಡು ಎದುರು ಬದಿ ಮಾತ್ರ ಸಮಾಂತರ ಇರುವ ಆಕಾರಕ್ಕೆ ನಾವು "ತ್ರಾಪಿಜ್ಯ" ಅಂತ ಶುರು ಮಾಡುತ್ತೇವೆ, ಮಗುವಿಗೆ ಏನೂ ಮೂಡುವುದಿಲ್ಲ. ತೊಗರಿ ಅಳೆಯುವ ಡಬ್ಬಿಯನ್ನು ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆ, ಮನೆಯ ಬುಟ್ಟಿ ಹೇಗಿದೆ ಅಂತ ಕೇಳಿ. ಆಕಾರ ಮೊದಲು ಬರಲಿ. ತ್ರಾಪಿಜ್ಯ ಅನ್ನುವ ಹೆಸರು ಎರಡು ದಿನ ತಡವಾಗಿ ಬಂದರೆ ನಷ್ಟವಿಲ್ಲ.

ಈಗ ಎಲ್ಲರೂ ಒಂದು ಸಲ ಕಾಲ ಕೆಳಗೆ ನೋಡಿ. ಏನಿದೆ? ಫರ್ಸಿ. ಶಹಾಬಾದ್ ಕಲ್ಲು. ನಮ್ಮ ಜಿಲ್ಲೆಯಲ್ಲಿ ಶಾಲೆ, ಗುಡಿ, ದರ್ಗಾ, ಮನೆ ಎಲ್ಲ ಕಡೆ ಇದೇ ನೆಲ. ಇದು ಸುಣ್ಣದ ಕಲ್ಲು. ಪದರ ಪದರವಾಗಿ ಕೂತಿರುವ ಕಲ್ಲು, ಅದಕ್ಕೇ ಚಪ್ಪಟೆಯಾಗಿ ಸೀಳುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಅಪ್ಪ ಕಾಕಾ ಅದೇ ಖಣಿಯಲ್ಲಿ ಕೆಲಸ ಮಾಡುತ್ತಾರೆ. ಚೌಕ ಫರ್ಸಿ ಹಾಸಿದ ನೆಲ ಅಂದರೆ ದೊಡ್ಡದೊಂದು ಗ್ರಾಫ್ ಹಾಳೆ. ಮಕ್ಕಳು ಅದರ ಮೇಲೆ ಕೂತು ಉಣ್ಣುತ್ತಾರೆ, ನಾವು ಅದನ್ನು ಗುಡಿಸುತ್ತೇವೆ. ಅದರ ಮೇಲೆ ಪಾಠ ಮಾಡಬಹುದು ಅಂತ ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ನಾನು ಮಾಡಿದ್ದನ್ನು ಮಾಡಿದ ಹಾಗೇ ಹೇಳುತ್ತೇನೆ. ಮಕ್ಕಳನ್ನು ವರಾಂಡಕ್ಕೆ ಕರೆದುಕೊಂಡು ಹೋದೆ. ಒಂದು ಫರ್ಸಿ ತೋರಿಸಿ, "ಇದರ ಎರಡರಷ್ಟು ಜಾಗ ಇರುವ ಚೌಕ ಬರೀರಿ" ಅಂದೆ. ಎರಡರಷ್ಟು ಜಾಗದ ಆಯತ ಅಲ್ಲ, ಚೌಕ. ಒಬ್ಬ ಕೂಡಲೇ ಬದಿಯನ್ನು ಎರಡು ಪಟ್ಟು ಮಾಡಿದ. ಎಣಿಸಿ ನೋಡಿದರೆ ನಾಲ್ಕು ಫರ್ಸಿ. ಇನ್ನೊಬ್ಬ ಒಂದೂವರೆ ಪಟ್ಟು ಅಂದ. ಒಂದೂವರೆಗೆ ಒಂದೂವರೆ ಅಂದರೆ ಎರಡೂಕಾಲು. ಜಾಸ್ತಿ ಆಯಿತು. ಹತ್ತು ನಿಮಿಷ ಜಗಳ. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡದೇ ನಿಲ್ಲುವುದು ಬಹಳ ಕಷ್ಟ, ಅಲ್ವಾ? ಉತ್ತರ ನಮಗೆ ಗೊತ್ತಿರುತ್ತದೆ, ತುಟಿಯ ತುದಿಗೆ ಬಂದಿರುತ್ತದೆ.

ಕೊನೆಗೆ ಒಂದು ಹುಡುಗಿ ಆ ನಾಲ್ಕು ಫರ್ಸಿಯ ದೊಡ್ಡ ಚೌಕದೊಳಗೆ, ಒಂದೊಂದು ಫರ್ಸಿಯನ್ನೂ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಕತ್ತರಿಸಿದಳು. ನಾಲ್ಕು ಗೆರೆ ಸೇರಿ ಒಳಗೆ ಒಂದು ಓರೆ ಚೌಕ ಆಯಿತು. ಪ್ರತಿ ಫರ್ಸಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ನಾಲ್ಕು ಅರ್ಧ ಅಂದರೆ ಎರಡು. "ಸರ್, ಶಂಕರಪಾಳಿ!" ಅಂತ ಹಿಂದಿನಿಂದ ಯಾರೋ ಕೂಗಿದರು. ಹೌದು, ಅದೇ ಶಂಕರಪಾಳಿ. ಈಗ ಅದು ಚೌಕವೂ ಹೌದು ಅಂತ ಯಾರಿಗೂ ಅನುಮಾನ ಉಳಿಯಲಿಲ್ಲ. ಯಾಕೆಂದರೆ ಅದನ್ನು ಅವರೇ ಕಟ್ಟಿದ್ದರು.

ಅಂದರೆ ಚೌಕದ ಕರ್ಣದ ಮೇಲೆ ಇನ್ನೊಂದು ಚೌಕ ಕಟ್ಟಿದರೆ ಎರಡರಷ್ಟು ಜಾಗ. ಬೌಧಾಯನ ಶುಲ್ಬಸೂತ್ರದಲ್ಲಿ ಇದೇ ಮಾತಿದೆ. ಚೌಕದ ಕರ್ಣಕ್ಕೆ ಹಿಡಿದ ಹಗ್ಗ ಎರಡು ಪಟ್ಟು ಜಾಗ ಕೊಡುತ್ತದೆ ಅಂತ. ಶುಲ್ಬ ಅಂದರೇ ಹಗ್ಗ. ಯಜ್ಞದ ವೇದಿಕೆ ಕಟ್ಟುವವರು ಹಗ್ಗ ಹಿಡಿದು ನೆಲದ ಮೇಲೆ ಮಾಡಿದ ಗಣಿತ ಅದು.

ಮಾರನೇ ದಿನ ಮುಂದಿನ ಹೆಜ್ಜೆ. "ಇವತ್ತು ಗೆರೆ ಇನ್ನೂ ಓರೆ ಆಗಲಿ. ಒಂದು ಫರ್ಸಿ ಅಡ್ಡ, ಎರಡು ಫರ್ಸಿ ಉದ್ದ ಹೋಗುವ ಗೆರೆ ಎಳೀರಿ. ಅದರ ಮೇಲೆ ಚೌಕ ಕಟ್ಟಿ" ಅಂದೆ. ಈಗ ಒಳಗಿನ ಫರ್ಸಿ ಎಣಿಸಲು ಬರುವುದಿಲ್ಲ, ತುಂಡು ತುಂಡಾಗಿ ಹೋಗಿವೆ. ಹೊರಗಿನಿಂದ ಎಣಿಸಿದರು. ಆ ಓರೆ ಚೌಕವನ್ನು ಸುತ್ತುವರಿದ ನೆಟ್ಟಗಿನ ಚೌಕ ಮೂರಕ್ಕೆ ಮೂರು, ಒಂಬತ್ತು ಫರ್ಸಿ. ನಾಲ್ಕು ಮೂಲೆಯಲ್ಲಿ ನಾಲ್ಕು ತ್ರಿಭುಜ. ಒಂದೊಂದೂ ಒಂದಕ್ಕೆ ಎರಡರ ಆಯತದ ಅರ್ಧ, ಅಂದರೆ ಒಂದು ಫರ್ಸಿಯಷ್ಟು. ಒಂಬತ್ತರಲ್ಲಿ ನಾಲ್ಕು ಹೋದರೆ ಐದು. ಮುಂದೆ ಒಂದು ಮತ್ತು ಮೂರು. ಹದಿನಾರರಲ್ಲಿ ಆರು ಹೋಗಿ ಹತ್ತು. ಎರಡು ಮತ್ತು ಮೂರಕ್ಕೆ ವರಾಂಡ ಸಾಲಲಿಲ್ಲ. ಕ್ಲಾಸಿನ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ ಐದಕ್ಕೆ ಐದು ಫರ್ಸಿ ಖಾಲಿ ಮಾಡಿದೆವು. ಇಪ್ಪತ್ತೈದರಲ್ಲಿ ಹನ್ನೆರಡು ಹೋಗಿ ಹದಿಮೂರು.

ಬೋರ್ಡಿನ ಮೇಲೆ ಸುಮ್ನೆ ಬರೆದಿಟ್ಟೆ. ಒಂದು-ಒಂದಕ್ಕೆ ಎರಡು. ಒಂದು-ಎರಡಕ್ಕೆ ಐದು. ಒಂದು-ಮೂರಕ್ಕೆ ಹತ್ತು. ಎರಡು-ಮೂರಕ್ಕೆ ಹದಿಮೂರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕೈ ಮೇಲೆ ಹೋಗಲು ಶುರುವಾಯಿತು. ಒಂದು ಮತ್ತು ಒಂಬತ್ತು ಹತ್ತು. ನಾಲ್ಕು ಮತ್ತು ಒಂಬತ್ತು ಹದಿಮೂರು. ಲಂಬಕೋನ ತ್ರಿಭುಜದ ವಿಕರ್ಣದ, ಅಂದರೆ ಲಂಬಕೋನದ ಎದುರಿನ ಬಾಹುವಿನ, ಮೇಲಿನ ವರ್ಗ ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ. ಪೈಥಾಗೊರಸ್ ಅನ್ನುವ ಹೆಸರನ್ನು ನಾನು ಇನ್ನೂ ತೆಗೆದಿರಲಿಲ್ಲ. "ಮೇಲಿನ ವರ್ಗ" ಅಂದರೆ ಬರೀ ಎರಡು ಅಂತ ತಲೆ ಮೇಲೆ ಬರೆಯುವ ಅಂಕಿಯಲ್ಲ, ಬದಿಯ ಮೇಲೆ ನಿಜವಾಗಿ ಕೂತಿರುವ ಒಂದು ಚೌಕ ಅಂತ ಆ ಮಕ್ಕಳಿಗೆ ಗೊತ್ತಿತ್ತು. ಸೀಮೆಸುಣ್ಣದ ಪುಡಿ ಅವರ ಮೊಣಕಾಲಿಗೆಲ್ಲ ಮೆತ್ತಿತ್ತು.

ಆ ದಿನ ಬೆಲ್ ಆದ ಮೇಲೂ ಒಬ್ಬ ಹುಡುಗ ನಿಂತಿದ್ದ. ಕ್ಲಾಸಿನಲ್ಲಿ ಬಾಯಿಯೇ ಬಿಡದವನು. "ಸರ್, ನಮ್ಮಪ್ಪ ಗೌಂಡಿ ಕೆಲಸ ಮಾಡ್ತಾನ್ರಿ. ಪಾಯಾ ಹಾಕುವಾಗ ಮೂರು, ನಾಕು, ಐದು ಅಂತ ದಾರ ಹಿಡಿತಾನ್ರಿ, ಗುನ್ಯಾ ನೋಡ್ಲಾಕ. ಇದು ಅದೇನ್ರಿ?" ಅಂದ. ಅದೇ. ಮೂರಡಿ ಒಂದು ಕಡೆ, ನಾಲ್ಕಡಿ ಇನ್ನೊಂದು ಕಡೆ, ತುದಿಯಿಂದ ತುದಿಗೆ ಸರಿಯಾಗಿ ಐದಡಿ ಬಂದರೆ ಮೂಲೆ ಗುನ್ಯಾದಲ್ಲಿದೆ, ತೊಂಬತ್ತು ಡಿಗ್ರಿ ಇದೆ. ಅವನಿಗೆ ಪೈಥಾಗೊರಸ್ ಪ್ರಮೇಯದ ವಿಲೋಮವೇ ಮನೆಯಿಂದ ಬಂದಿತ್ತು. ಅದು ಗಣಿತ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಮುಂದಿನ ವಾರ ಅವನ ಅಪ್ಪನನ್ನು ಕ್ಲಾಸಿಗೆ ಕರೆದೆ. ಆತ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ದಾರ ಹಿಡಿದು, ನಮ್ಮ ಕ್ಲಾಸಿನ ಮೂಲೆ ಗುನ್ಯಾದಲ್ಲಿ ಇಲ್ಲ ಅಂತ ತೋರಿಸಿದ. ಮಕ್ಕಳು ಆ ದಿನ ಆ ಹುಡುಗನನ್ನು ನೋಡಿದ ರೀತಿಯೇ ಬೇರೆ.

ಈಗ ಕಾಗದ ಹರಿಯುವ ವಿಷಯ. ತ್ರಿಭುಜದ ಮೂರು ಮೂಲೆ ಹರಿದು ಜೋಡಿಸಿದರೆ ಸರಳರೇಖೆ ಆಗುತ್ತದೆ, ನೂರಾ ಎಂಬತ್ತು ಡಿಗ್ರಿ. ಇದನ್ನು ಎಲ್ಲರೂ ಮಾಡಿಸಿರುತ್ತೀರಿ. ಆದರೆ ಸಾಮಾನ್ಯವಾಗಿ ಏನಾಗುತ್ತದೆ? ಚಟುವಟಿಕೆ ಒಂದು ದಿನ, ಸಾಧನೆ ಇನ್ನೊಂದು ದಿನ. ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಸಾಧನೆಯಲ್ಲಿ "ರಚನೆ: ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ರೇಖೆ ಎಳೆಯಿರಿ" ಅಂತ ಬರುತ್ತದೆ. ಆ ರೇಖೆ ಎಲ್ಲಿಂದ ಬಂತು? ಮಗುವಿಗೆ ಅದು ಆಕಾಶದಿಂದ ಬಿದ್ದ ಹಾಗೆ. ಹಾಗಾಗಿ ಬಾಯಿಪಾಠ ಮಾಡುತ್ತದೆ.

ಸ್ವಲ್ಪ ಬದಲಿಸಿ ಮಾಡಿ. ಹರಿದ ಮೂಲೆಗಳನ್ನು ಎಲ್ಲೋ ಜೋಡಿಸಬೇಡಿ. ಕೆಳಗಿನ ಎರಡು ಮೂಲೆಗಳನ್ನು ತಂದು ಮೇಲಿನ ಶೃಂಗದ ಎಡಕ್ಕೊಂದು ಬಲಕ್ಕೊಂದು ಇಡಿ. ಎಡಗಡೆಯ ಮೂಲೆ ಎಡಕ್ಕೆ, ಬಲಗಡೆಯದು ಬಲಕ್ಕೆ. ಮೇಲೆ ಒಂದು ನೇರ ಅಂಚು ಬಂತಲ್ಲ, ಅದೇ ಪುಸ್ತಕದ ಸಮಾಂತರ ರೇಖೆ! ಇನ್ನೂ ಚೆನ್ನಾಗಿ ಕಾಣಬೇಕಾದರೆ ಹರಿಯುವುದೇ ಬೇಡ. ಒಂದೇ ಅಳತೆಯ ಎರಡು ತ್ರಿಭುಜ ತಗೊಂಡು ಒಂದರ ಮೇಲೊಂದು ಇಡಿ. ಪಾದ ಬಿಟ್ಟು ಬೇರೆ ಒಂದು ಬದಿಯ ಸರಿ ಮಧ್ಯದಲ್ಲಿ ಗುಂಡುಸೂಜಿ ಚುಚ್ಚಿ. ಮೇಲಿನದನ್ನು ಅರ್ಧ ಸುತ್ತು ತಿರುಗಿಸಿ. ಕೆಳಗಿನ ಮೂಲೆ ನಿಧಾನಕ್ಕೆ ಹೋಗಿ ಶೃಂಗದ ಪಕ್ಕ ಕೂರುತ್ತದೆ. ಪಾದ ಇದ್ದದ್ದು ತಲೆಯ ಮೇಲೆ ಬರುತ್ತದೆ, ದಿಕ್ಕು ಮಾತ್ರ ಬದಲಾಗುವುದಿಲ್ಲ. ಸಮಾಂತರ ಅಂದರೆ ಇದು, ಪರ್ಯಾಯ ಕೋನ ಅಂದರೆ ಇದು. ಸಾಧನೆ ಬರೆಯುವಾಗ ಮಗು ಆ ಗುಂಡುಸೂಜಿಯನ್ನು ನೆನಪಿಸಿಕೊಂಡರೆ ಸಾಕು.

ನನ್ನ ಹತ್ತನೇ ಕ್ಲಾಸಿನ ಒಂದು ನೆನಪು ಹೇಳಬೇಕು. ಪ್ರಮೇಯಗಳನ್ನು ಚಿತ್ರದ ಸಮೇತ ಉರು ಹೊಡೆದಿದ್ದೆ. ತ್ರಿಭುಜಕ್ಕೆ ಎಬಿಸಿ, ಸಮಾಂತರ ರೇಖೆಗೆ ಡಿಇ. ಪರೀಕ್ಷೆಯಲ್ಲಿ ತ್ರಿಭುಜ ತಲೆಕೆಳಗಾಗಿ ಬಂತು, ಅಕ್ಷರ ಪಿಕ್ಯೂಆರ್ ಆಗಿದ್ದವು. ನನಗೆ ಕೈಯೇ ಓಡಲಿಲ್ಲ. ಖಾಲಿ ಬಿಟ್ಟು ಬಂದೆ. ನಮಗೆ ಕಲಿಸಿದವರು ಒಳ್ಳೆಯವರು, ಕಷ್ಟಪಟ್ಟು ಕಲಿಸಿದವರು. ಆದರೆ ಆ ಚಿತ್ರ ತಿರುಗಬಹುದು ಅಂತ ಯಾರೂ ಹೇಳಿರಲಿಲ್ಲ. ಶಿಕ್ಷಕನಾದ ಮೇಲೆ ಅದೇ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದೆ. ಅದಕ್ಕೇ ಈಗ ಬೋರ್ಡಿನ ಮೇಲೆ ಒಂದು ಪ್ರಮೇಯಕ್ಕೆ ಮೂರು ಚಿತ್ರ ಬರೆಯುತ್ತೇನೆ. ನೆಟ್ಟಗಿನದು, ಓರೆ, ತಲೆಕೆಳಗು. ಅಕ್ಷರಗಳನ್ನು ಮಕ್ಕಳೇ ಇಡಲಿ.

ಇನ್ನು ಎರಡು ತಳ್ಳಾಟ. ಇದು ನನಗೆ ಬಹಳ ಇಷ್ಟದ್ದು, ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ.

ಮೇಜಿನ ಮೇಲೆ ಇಪ್ಪತ್ತು ನೋಟ್‌ಬುಕ್ ಒಂದರ ಮೇಲೊಂದು ಇಡಿ. ಮುಂದಿನಿಂದ ನೋಡಿದರೆ ಆಯತ. ಈಗ ಸ್ಕೇಲಿನಿಂದ ಪಕ್ಕಕ್ಕೆ ನಿಧಾನವಾಗಿ ತಳ್ಳಿ, ಕಟ್ಟು ಓರೆಯಾಗುತ್ತದೆ. ಸಮಾಂತರ ಚತುರ್ಭುಜ ಬಂತು. ಪುಸ್ತಕ ಅಷ್ಟೇ ಇವೆ, ಅಂದರೆ ಮುಂದಿನ ಮುಖದ ವಿಸ್ತೀರ್ಣ ಅಷ್ಟೇ. ಪಾದವೂ ಅಷ್ಟೇ, ಎತ್ತರವೂ ಅಷ್ಟೇ. ಪಕ್ಕದ ಬದಿ ಮಾತ್ರ ಉದ್ದವಾಗಿದೆ.

ಎರಡನೆಯದಕ್ಕೆ ಕಸಬರಿಗೆಯ ನಾಲ್ಕು ಕಡ್ಡಿ ಬೇಕು, ಸೈಕಲ್ ವಾಲ್ವ್ ಟ್ಯೂಬಿನ ನಾಲ್ಕು ತುಂಡು ಬೇಕು. ವಾಲ್ವ್ ಟ್ಯೂಬಿಗೆ ಬೆಂಕಿಕಡ್ಡಿ ಸಿಕ್ಕಿಸಿ ಆಕಾರ ಮಾಡುವುದನ್ನು, ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ದೇಶದ ತುಂಬ ಪ್ರಚಾರ ಮಾಡಿದರು, ನಿಮ್ಮಲ್ಲಿ ಹಲವರಿಗೆ ಗೊತ್ತು. ಆಯತ ಮಾಡಿ, ಪಕ್ಕಕ್ಕೆ ತಳ್ಳಿ. ಇಲ್ಲೂ ಸಮಾಂತರ ಚತುರ್ಭುಜ ಬಂತು. ಆದರೆ ಇಲ್ಲಿ ಕಡ್ಡಿ ಉದ್ದ ಅಷ್ಟೇ ಇದೆ, ಎತ್ತರ ಇಳಿಯಿತು. ಇನ್ನೂ ತಳ್ಳಿದರೆ ಪೂರ್ತಿ ಮಲಗಿ ಗೆರೆ ಆಗಿಬಿಡುತ್ತದೆ. ಸುತ್ತಳತೆ ಒಂದಿಷ್ಟೂ ಬದಲಾಗಲಿಲ್ಲ, ಜಾಗ ಸೊನ್ನೆಗೆ ಬಂತು.

ನೋಟ್‌ಬುಕ್ ಕಟ್ಟಿನಲ್ಲಿ ಜಾಗ ಉಳಿಯಿತು, ಸುತ್ತಳತೆ ಬೆಳೆಯಿತು. ಕಡ್ಡಿಯಲ್ಲಿ ಸುತ್ತಳತೆ ಉಳಿಯಿತು, ಜಾಗ ಕರಗಿತು. ಎರಡನ್ನೂ ಒಂದೇ ಪೀರಿಯಡ್ಡಿನಲ್ಲಿ ಪಕ್ಕಪಕ್ಕ ಮಾಡಿಸಿ. ಸುತ್ತಳತೆ ಮತ್ತು ವಿಸ್ತೀರ್ಣ ಕಲಸಿಕೊಳ್ಳುವ ಮಕ್ಕಳಿಗೆ ಹತ್ತು ಸೂತ್ರ ಬರೆಸುವುದಕ್ಕಿಂತ ಇದು ಮೇಲು. ಹೊಲಕ್ಕೆ ಬೇಲಿ ಹಾಕುವ ಲೆಕ್ಕ ಬೇರೆ, ಬಿತ್ತನೆಯ ಬೀಜದ ಲೆಕ್ಕ ಬೇರೆ ಅಂತ ಹೇಳಿದರೆ ನಮ್ಮ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಮತ್ತೆ, ಅದೇ ಟ್ಯೂಬಿನಿಂದ ಮೂರು ಕಡ್ಡಿ ಸೇರಿಸಿ ತಳ್ಳಿ ನೋಡಲು ಹೇಳಿ. ತ್ರಿಭುಜ ಜಗ್ಗುವುದಿಲ್ಲ. ಮೂರು ಬಾಹು ಗೊತ್ತಾದರೆ ತ್ರಿಭುಜ ಒಂದೇ, ಅದೇ ಬಾ-ಬಾ-ಬಾ ಸರ್ವಸಮತೆ. ಪತ್ರಾಸಿನ ಶೆಡ್ಡಿನ ಕಬ್ಬಿಣದ ಚೌಕಟ್ಟಿನಲ್ಲಿ ಎಲ್ಲಿ ನೋಡಿದರೂ ತ್ರಿಭುಜವೇ ಯಾಕೆ ಅಂತ ಅವರೇ ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಣ್ಣಿಗೆ ಕಂಡದ್ದೆಲ್ಲ ನಿಜವಲ್ಲ ಅನ್ನುವುದನ್ನೂ ಇದೇ ಕೈಗಳಿಂದ ಕಲಿಸಬೇಕು. ಎಂಟಕ್ಕೆ ಎಂಟು ಮನೆಯ ಗ್ರಾಫ್ ಹಾಳೆ, ಅರವತ್ನಾಲ್ಕು ಮನೆ. ಅದನ್ನು ಮೂರಕ್ಕೆ ಎಂಟು, ಐದಕ್ಕೆ ಎಂಟು ಅಂತ ಎರಡು ಪಟ್ಟಿ ಮಾಡಿ. ಸಣ್ಣ ಪಟ್ಟಿಯನ್ನು ಕರ್ಣದ ಉದ್ದಕ್ಕೆ ಕತ್ತರಿಸಿದರೆ ಎರಡು ತ್ರಿಭುಜ. ದೊಡ್ಡ ಪಟ್ಟಿಯನ್ನು, ಒಂದು ಅಂಚಿನಲ್ಲಿ ಮೂರನೇ ಮನೆಯಿಂದ ಎದುರು ಅಂಚಿನಲ್ಲಿ ಐದನೇ ಮನೆಗೆ ಓರೆಯಾಗಿ ಕತ್ತರಿಸಿದರೆ ಎರಡು ತ್ರಾಪಿಜ್ಯ. ಈ ನಾಲ್ಕು ತುಂಡನ್ನು ಜೋಡಿಸಿ ಐದಕ್ಕೆ ಹದಿಮೂರರ ಆಯತ ಮಾಡಬಹುದು. ಅರವತ್ತೈದು ಮನೆ! ಒಂದು ಮನೆ ಎಲ್ಲಿಂದ ಬಂತು?

ಮಕ್ಕಳು ಇದನ್ನು ಬಿಡುವುದೇ ಇಲ್ಲ. ಮನೆಗೆ ತಗೊಂಡು ಹೋಗುತ್ತಾರೆ. ಮಧ್ಯದ ಓರೆ ಗೆರೆ ನೇರವಾಗಿ ಕಾಣುತ್ತದೆ, ಆದರೆ ನೇರವಲ್ಲ. ತ್ರಿಭುಜದ ಬದಿ ಎಂಟು ಹೋದಾಗ ಮೂರು ಏರುತ್ತದೆ. ತ್ರಾಪಿಜ್ಯದ ಬದಿ ಐದು ಹೋದಾಗ ಎರಡು ಏರುತ್ತದೆ. 0.375 ಮತ್ತು 0.4. ಆ ಚೂರು ವ್ಯತ್ಯಾಸದಲ್ಲಿ ತೆಳ್ಳಗೆ, ಉದ್ದಕ್ಕೆ ಒಂದು ಸೀಳು ಉಳಿದಿರುತ್ತದೆ. ಅದರ ವಿಸ್ತೀರ್ಣ ಸರಿಯಾಗಿ ಒಂದು ಮನೆ. "ನೋಡಿದರೆ ಗೊತ್ತಾಗುತ್ತಲ್ಲ ಸರ್, ಸಾಧನೆ ಯಾಕೆ?" ಅಂತ ಕೇಳುವ ಹುಡುಗರಿಗೆ ಇದನ್ನು ಕೊಡಿ. ನಾಳೆಯಿಂದ ಅವರೇ ಸಾಧನೆ ಕೇಳುತ್ತಾರೆ.

ಸ್ಮಾರ್ಟ್ ಬೋರ್ಡ್ ಬಗ್ಗೆ ಬೆಳಿಗ್ಗೆ ಒಬ್ಬರು ಕೇಳಿದರು. ಇದ್ದರೆ ಬಳಸಿ. ಜಿಯೊಜಿಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್ ಒಳ್ಳೆಯದು, ದುಡ್ಡು ಕೊಡಬೇಕಾಗಿಲ್ಲ, ಬಿಂದುವನ್ನು ಎಳೆದರೆ ಆಕಾರ ಜೊತೆಗೇ ಚಲಿಸುತ್ತದೆ. ಆದರೆ ಬಿಂದುವನ್ನು ಮಗು ಎಳೆಯಬೇಕು, ನೀವು ಎಳೆದು ತೋರಿಸಿದರೆ ಅದೂ ಒಂದು ಸಿನಿಮಾ ಅಷ್ಟೇ. ಇಲ್ಲದಿದ್ದರೂ ಚಿಂತೆಯಿಲ್ಲ. ಹಲಗೆಗೆ ಎರಡು ಮೊಳೆ ಹೊಡೆಯಿರಿ. ಹಳೇ ಲಗ್ನಪತ್ರಿಕೆಯ ಗಟ್ಟಿ ಮೂಲೆಯನ್ನು ಮೊಳೆಗಳ ನಡುವೆ ತೂರಿಸಿ, ಎರಡೂ ಅಂಚು ಮೊಳೆಗೆ ತಾಗುವ ಹಾಗೆ ಹಿಡಿದು, ಮೂಲೆ ಇರುವ ಕಡೆ ಪೆನ್ನಿನಿಂದ ಚುಕ್ಕೆ ಇಡಿ. ಪತ್ರಿಕೆಯನ್ನು ಸ್ವಲ್ಪ ಜರುಗಿಸಿ ಇನ್ನೊಂದು ಚುಕ್ಕೆ. ಹೀಗೆ ಇಪ್ಪತ್ತು ಚುಕ್ಕೆ ಆಗುವಷ್ಟರಲ್ಲಿ ಅರ್ಧವೃತ್ತ ಮೂಡಿರುತ್ತದೆ. ಮೊಳೆಯಿಂದ ಮೊಳೆಗೆ ವ್ಯಾಸ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅನ್ನುವ ಪ್ರಮೇಯ ಲಗ್ನಪತ್ರಿಕೆಯಿಂದ ಹುಟ್ಟಿತು. ಕರೆಂಟು ಬೇಡ.

ಹೊರಗೆ ಕರೆದುಕೊಂಡು ಹೋಗಲು ನಮ್ಮ ಊರಿಗಿಂತ ಒಳ್ಳೆ ಜಾಗ ಬೇಕಾ? ಬಂದೇ ನವಾಜ್ ದರ್ಗಾಕ್ಕೆ ಹತ್ತಿರವೇ ಹಫ್ತ್ ಗುಂಬಜ್ ಇದೆ, ಬಹಮನಿ ಸುಲ್ತಾನರ ಗೋರಿಗಳು. ಮಕ್ಕಳನ್ನು ಒಂದು ಗುಂಬಜಿನ ಒಳಗೆ ನಿಲ್ಲಿಸಿ. ಕೆಳಗೆ ನೋಡಿ, ಕೋಣೆ ಚೌಕ. ಮೇಲೆ ನೋಡಿ, ಗುಮ್ಮಟ ದುಂಡಗೆ. ಚೌಕದ ಗೋಡೆಯ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿತು? ನಡುವೆ ನಾಲ್ಕು ಮೂಲೆಗೂ ಅಡ್ಡಲಾಗಿ ಕಮಾನು ಇದೆ. ಮೂಲೆ ಮುಚ್ಚಿದರೆ ಚೌಕ ಅಷ್ಟಕೋನ ಆಗುತ್ತದೆ. ಅಷ್ಟಕೋನ ದುಂಡಿಗೆ ಹತ್ತಿರ. ಆರು ನೂರು ವರ್ಷದ ಹಿಂದಿನ ಗೌಂಡಿಗಳು ಇದನ್ನು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ.

ನಾನು ಕರೆದುಕೊಂಡು ಹೋದ ಮಕ್ಕಳು ವಾಪಸ್ ಬಂದು ಕಾಗದದ ಚೌಕದಿಂದ ಅಷ್ಟಕೋನ ಮಾಡಲು ಕೂತರು. ಎಷ್ಟು ಮೂಲೆ ಕತ್ತರಿಸಬೇಕು? ಬದಿಯನ್ನು ಮೂರು ಭಾಗ ಮಾಡಿ ಕತ್ತರಿಸೋಣ ಅಂದರು. ಮಾಡಿ ನೋಡಿದರೆ ಎಂಟು ಬದಿ ಬಂದವು, ಆದರೆ ಓರೆ ಬದಿ ನಾಲ್ಕೂ ಉದ್ದ. ಒಂಬತ್ತು ಇಂಚಿನ ಚೌಕದಲ್ಲಿ ನೆಟ್ಟಗಿನ ಬದಿ ಮೂರು ಇಂಚು, ಓರೆ ಬದಿ ನಾಲ್ಕೂಕಾಲು ಇಂಚಿಗೆ ಸ್ವಲ್ಪ ಕಡಿಮೆ. ಯಾಕೆ ಅಂತ ಅವರಿಗೆ ತಕ್ಷಣ ಗೊತ್ತಾಯಿತು. ಫರ್ಸಿಯ ಕರ್ಣ ಬದಿಗಿಂತ ಉದ್ದ ಅಂತ ಕಾಲಲ್ಲೇ ಅಳೆದವರು ಅವರು. ಹಾಗಾದರೆ ಕಡಿಮೆ ಕತ್ತರಿಸಬೇಕು. ಎಷ್ಟು ಕಡಿಮೆ? ಇದಕ್ಕೊಂದು ಹಗ್ಗದ ಉಪಾಯ ಇದೆ, ಬಡಗಿಗಳೂ ಬಳಸುತ್ತಾರೆ. ಅದನ್ನು ಈಗ ಹೇಳುವುದಿಲ್ಲ, ಆಮೇಲೆ ಮಾಡಿಯೇ ನೋಡೋಣ.

ನಿಮ್ಮಲ್ಲಿ ಕೆಲವರ ಮುಖದಲ್ಲಿ ಒಂದು ಪ್ರಶ್ನೆ ಕಾಣುತ್ತಿದೆ. ಪೋರ್ಷನ್ ಯಾವಾಗ ಮುಗಿಸೋದು? ನನಗೂ ಎಸ್ಸೆಸ್ಸೆಲ್ಸಿ ಕ್ಲಾಸು ಇದೆ. ಫಲಿತಾಂಶ ಬಂದಾಗ ನಮ್ಮ ಭಾಗದ ಜಿಲ್ಲೆಗಳ ಹೆಸರು ಪಟ್ಟಿಯ ಕೆಳಗೆ ಇರುವುದನ್ನು ನೋಡಿ ನನಗೂ ಸಂಕಟ ಆಗುತ್ತದೆ. ಆದರೆ ಲೆಕ್ಕ ಹಾಕಿ. ಗುಂಡುಸೂಜಿಯ ಕೆಲಸಕ್ಕೆ ಹತ್ತು ನಿಮಿಷ ಸಾಕು. ಫರ್ಸಿಯ ಪಾಠಕ್ಕೆ ಮೂರು ಪೀರಿಯಡ್. ಅದೇ ಪ್ರಮೇಯವನ್ನು ಬಾಯಿಪಾಠ ಮಾಡಿಸಿ, ಮರೆತಾಗ ಮತ್ತೆ ಮಾಡಿಸಿ, ಜನವರಿಯಲ್ಲಿ ರಿವಿಜನ್ ಮಾಡಿಸಿ ನಾವು ಕಳೆಯುವ ಪೀರಿಯಡ್ ಎಷ್ಟು? ನನ್ನ ಕ್ಲಾಸಿನಲ್ಲಿ ಎಲ್ಲರೂ ಪಾಸಾದರು ಅಂತ ನಾನು ಹೇಳುವುದಿಲ್ಲ. ಆದರೆ ಚಿತ್ರ ತಲೆಕೆಳಗಾಗಿ ಬಂದರೆ ಹಾಳೆ ಖಾಲಿ ಬಿಡುವುದು ನಿಂತಿದೆ.

ಇನ್ನೊಬ್ಬ ಹುಡುಗನ ವಿಷಯ ಹೇಳಲೇಬೇಕು. ಅವನಿಗೆ ಕಣ್ಣು ಬಹಳ ಮಂದ. ಬೋರ್ಡು ಕಾಣುವುದಿಲ್ಲ, ಪುಸ್ತಕವೂ ಮುಖಕ್ಕೆ ತಾಗಿಸಿ ಹಿಡಿಯಬೇಕು. ದೃಶ್ಯದ ಮೂಲಕ ರೇಖಾಗಣಿತ ಅಂದಾಗ ಮೊದಲು ನನಗೆ ಅವನದೇ ಚಿಂತೆ ಆಗಿತ್ತು. ಅವನಿಗೆ ಸಾಲು ಸಾಲಾಗಿ ಮೊಳೆ ಹೊಡೆದ ಹಲಗೆ ಮತ್ತು ರಬ್ಬರ್ ಬ್ಯಾಂಡ್ ಕೊಟ್ಟೆ. ಆ ದಿನದ ಪಾಠ, ಒಂದೇ ಪಾದ, ಪಾದಕ್ಕೆ ಸಮಾಂತರವಾದ ಒಂದೇ ಸಾಲಿನಲ್ಲಿ ಶೃಂಗ ಎಲ್ಲಿಗೇ ಸರಿದರೂ ತ್ರಿಭುಜದ ವಿಸ್ತೀರ್ಣ ಬದಲಾಗುವುದಿಲ್ಲ. ಉಳಿದವರು ಶೃಂಗವನ್ನು ಒಂದೊಂದೇ ಮೊಳೆ ಸರಿಸಿ, ಅರ್ಧ ಪಾದ ಗುಣಿಸು ಎತ್ತರ ಅಂತ ಲೆಕ್ಕ ಮಾಡಿ, ಸರಿ ಇದೆ ಅಂತ ಟಿಕ್ ಹಾಕುತ್ತಿದ್ದರು. ಇವನು ಬೆರಳಿನಲ್ಲಿ ಸರಿಸುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕರೆದ.

"ಸರ್, ರಬ್ಬರ್ ಬಿಗಿ ಆಗ್ಲಿಕತ್ತದ್ರಿ. ಸುತ್ತಳತಿ ಬೆಳಿಲಿಕತ್ತದ. ಹಂಗಾದ್ರ ಜಾಗ ಹೆಂಗ್ರಿ ಅಷ್ಟೇ ಇರ್ತದ?"

ಕ್ಲಾಸಿನಲ್ಲಿ ಬೇರೆ ಯಾರಿಗೂ ಈ ಪ್ರಶ್ನೆ ಬಂದಿರಲಿಲ್ಲ. ಅವರ ಕಣ್ಣಿಗೆ ಬೀಳದ್ದು ಅವನ ಬೆರಳಿಗೆ ಸಿಕ್ಕಿತ್ತು. ನಾನು ನೋಟ್‌ಬುಕ್ ಕಟ್ಟನ್ನು ಅವನ ಎರಡೂ ಅಂಗೈ ನಡುವೆ ಇಟ್ಟು ಓರೆಯಾಗಿ ತಳ್ಳಿಸಿದೆ. ಅವನು ಪುಸ್ತಕಗಳ ಅಂಚನ್ನು ಮೇಲಿಂದ ಕೆಳಗೆ ಒಂದೊಂದಾಗಿ ಮುಟ್ಟಿ ಎಣಿಸಿದ. ಇಪ್ಪತ್ತೇ. ಮತ್ತೆ ತಳ್ಳಿದ, ಮತ್ತೆ ಎಣಿಸಿದ. ಆಮೇಲೆ ತಾನೇ ಹೋಗಿ ಪಕ್ಕದ ಬೆಂಚಿನವರಿಗೆ ಹೇಳಿಕೊಡಲು ಕೂತ.

ಚಾ ಬರಲು ಇನ್ನೂ ಹತ್ತು ನಿಮಿಷ ಇದೆ. ಎಲ್ಲರೂ ಎದ್ದು ವರಾಂಡಕ್ಕೆ ಬನ್ನಿ. ಹಗ್ಗ, ಸೀಮೆಸುಣ್ಣ ತಂದಿದ್ದೇನೆ. ನಾಲ್ಕು ನಾಲ್ಕು ಫರ್ಸಿಯ ಒಂದು ದೊಡ್ಡ ಚೌಕ ಹಿಡಿಯಿರಿ. ಹಗ್ಗವನ್ನು ಮೂಲೆಯಿಂದ ಚೌಕದ ನಟ್ಟನಡುವಿನ ತನಕ ಅಳೆದುಕೊಳ್ಳಿ, ಅಂದರೆ ಅರ್ಧ ಕರ್ಣ. ಒಬ್ಬರು ಹಗ್ಗದ ತುದಿಯನ್ನು ಒಂದು ಮೂಲೆಯಲ್ಲಿ ಒತ್ತಿ ಹಿಡಿಯಿರಿ, ಇನ್ನೊಬ್ಬರು ಹಗ್ಗ ತಿರುಗಿಸಿ ಅದು ಎರಡು ಬದಿಗೆ ತಾಗುವ ಕಡೆ ಗುರುತು ಹಾಕಿ. ನಾಲ್ಕೂ ಮೂಲೆಯಿಂದ ಹೀಗೇ ಮಾಡಿದರೆ ಎಂಟು ಗುರುತು ಆಗುತ್ತವೆ. ಅವನ್ನು ಸುತ್ತಲೂ ಸೇರಿಸಿ, ಎಂಟೂ ಬದಿ ಅಳೆದು ನೋಡಿ. ಯಾಕೆ ಹಾಗಾಯಿತು ಅಂತ ಚಾ ಕುಡಿಯುತ್ತಾ ಮಾತಾಡೋಣ.